ತೂತಿನ ಅಂಚೇ ಅಳತೆಗೋಲು

ಐಟಿಐಯಲ್ಲಿ ಮೋಟಾರು ಮೆಕ್ಯಾನಿಕ್ ಕಲಿಯುತ್ತಿರುವ ಕಲಘಟಗಿ ತಾಲೂಕಿನ ಹುಡುಗನೊಬ್ಬ ಪತ್ರ ಬರೆದಿದ್ದಾನೆ. ತಂದೆಯದು ಒಂದು ಪಿಕಪ್ ಗಾಡಿ. ಸುಗ್ಗಿಯಲ್ಲಿ ಗೋವಿನಜೋಳ, ಸೋಯಾ ಹೇರಿಕೊಂಡು ಹುಬ್ಬಳ್ಳಿ ಎಪಿಎಂಸಿಗೆ; ಉಳಿದ ದಿನಗಳಲ್ಲಿ ಬಾಡಿಗೆ ಸಿಕ್ಕರೆ ಯಲ್ಲಾಪುರ ದಾಟಿ ಅರಬೈಲು ಘಾಟಿನ ಕೆಳಗೂ ಹೋಗಿಬರುತ್ತದೆ. ಆ ಗಾಡಿಯ ಹಿಂದಿನ ಅಚ್ಚಿನ ಎಣ್ಣೆಯ ಬಗ್ಗೆ ಮನೆಯಲ್ಲಿ ಜಗಳ. ತುಂಬಿ ಹರಿಯುವ ತನಕ ಹಾಕಬೇಕೆಂದು ತಂದೆ. ಎರಡು ಲೀಟರ್ ಸುರಿದರೆ ಆಯಿತೆಂದು ಗ್ಯಾರೇಜಿನವರು. ಮಟ್ಟ ನೋಡಬೇಕೆಂದು ಪುಸ್ತಕ. ಯಾರ ಮಾತು ಸರಿ?

ಉತ್ತರಕ್ಕೆ ಮೊದಲು ಅಚ್ಚಿನ ಒಳಗೆ ಒಮ್ಮೆ ಇಣುಕೋಣ. ಚಕ್ಕಡಿಯ ಅಚ್ಚು ತಿರುಗುವುದಿಲ್ಲ, ಅದರ ಮೇಲೆ ಎರಡು ಗಾಲಿಗಳು ತಮ್ಮ ಪಾಡಿಗೆ ತಾವು ತಿರುಗುತ್ತವೆ. ಎಳೆಯುವುದು ಎತ್ತು, ಗಾಲಿಗೆ ಬೇಕಾದದ್ದು ಕೀಲೆಣ್ಣೆ ಮಾತ್ರ. ಪಿಕಪ್ಪಿನಲ್ಲಿ ಹಾಗಲ್ಲ. ಒಂದೇ ಇಂಜಿನ್ ಎರಡೂ ಹಿಂದಿನ ಗಾಲಿಗಳನ್ನು ತಿರುಗಿಸಬೇಕು. ಆದರೆ ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕಾಗುತ್ತದೆ. ಎರಡು ಗಾಲಿಗಳ ನಡುವಿನ ಅಂತರ 1.4 ಮೀಟರ್ ಎಂದುಕೊಳ್ಳಿ. ಗಾಡಿ ಕಾಲು ಸುತ್ತು ಹೊರಳಿದಾಗ ಹೊರಗಿನ ಗಾಲಿ ಒಳಗಿನದಕ್ಕಿಂತ ಸುಮಾರು 2.2 ಮೀಟರ್ ಹೆಚ್ಚು ಓಡಿರುತ್ತದೆ. ತಿರುವು ದೊಡ್ಡದಿರಲಿ ಚಿಕ್ಕದಿರಲಿ, ಈ ವ್ಯತ್ಯಾಸ ಬದಲಾಗುವುದಿಲ್ಲ! ಏಕೆ ಎಂಬುದನ್ನು ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗಳು ವೃತ್ತದ ಪರಿಧಿಯ ಸೂತ್ರ ಹಿಡಿದು ತಾವೇ ಬಿಡಿಸಿ ನೋಡಲಿ.

ಈ ವ್ಯತ್ಯಾಸವನ್ನು ಹೊಂದಿಸುವ ಹಲ್ಲುಚಕ್ರಗಳ ಗುಂಪೇ ಡಿಫರೆನ್ಷಿಯಲ್. ಅಚ್ಚಿನ ನಡುವೆ ಕುಂಬಳಕಾಯಿಯಂತೆ ಉಬ್ಬಿದ ಭಾಗದೊಳಗೆ ಅದು ಕುಳಿತಿದೆ. ಉಗಿಗಾಡಿಗಳ ಕಾಲದಲ್ಲೇ, 1820ರ ದಶಕದ ಕೊನೆಗೆ, ಫ್ರಾನ್ಸಿನ ಪೆಕ್ಕರ್ ಎಂಬ ಗಡಿಯಾರ ತಯಾರಕ ಇದಕ್ಕೆ ಪೇಟೆಂಟ್ ಪಡೆದಿದ್ದ. ಇಂಜಿನ್ನಿನಿಂದ ಬಂದ ಶಾಫ್ಟಿನ ತುದಿಯಲ್ಲಿ ಚಿಕ್ಕ ಪಿನಿಯನ್. ಅದು ತಿರುಗಿಸುವುದು ದೊಡ್ಡ ಕ್ರೌನ್ ಚಕ್ರವನ್ನು. 1920ರ ದಶಕದಲ್ಲಿ ಅಮೆರಿಕದ ಪ್ಯಾಕಾರ್ಡ್ ಕಾರುಗಳಲ್ಲಿ ಪಿನಿಯನ್ನನ್ನು ಕ್ರೌನಿನ ನಡುಮಟ್ಟಕ್ಕಿಂತ ಕೆಳಗೆ ಕೂಡಿಸಲಾಯಿತು. ಶಾಫ್ಟ್ ಕೆಳಗಿಳಿಯಿತು, ಸದ್ದು ಕಡಿಮೆಯಾಯಿತು. ಇದಕ್ಕೆ ಹೈಪಾಯ್ಡ್ ಎಂದು ಹೆಸರು. ಇದರಲ್ಲಿ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಉಜ್ಜಿಕೊಂಡು ಜಾರುತ್ತವೆ ಕೂಡ. ಸಾಮಾನ್ಯ ಎಣ್ಣೆಯ ಪದರ ಆ ಒತ್ತಡಕ್ಕೆ ಹರಿದುಹೋಗುತ್ತದೆ. ಅದಕ್ಕೇ ಅಚ್ಚಿನ ಎಣ್ಣೆಯಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಆ ಎಣ್ಣೆಯ ಡಬ್ಬಿ ಬಿಚ್ಚಿದಾಗ ಮೂಗು ಮುಚ್ಚಿಕೊಳ್ಳುವ ಹಾಗಾಗುವುದು ಇದರಿಂದಲೇ. ಡಬ್ಬಿಯ ಮೇಲೆ ಜಿಎಲ್-4, ಜಿಎಲ್-5 ಎಂದು ಬರೆದಿರುವುದು ಅಲಂಕಾರಕ್ಕಲ್ಲ. ಜಿಎಲ್-5 ಅಚ್ಚಿಗೆ ಒಳ್ಳೆಯದೆಂದು ಗೇರ್‌ಬಾಕ್ಸಿಗೂ ಅದನ್ನೇ ಹಾಕಿದರೆ, ಅಲ್ಲಿರುವ ಹಿತ್ತಾಳೆಯ ಬಿಡಿಭಾಗಗಳು ಕೆಲವು ಗಾಡಿಗಳಲ್ಲಿ ಬೇಗ ಕೆಡುತ್ತವೆ.

ಈಗ ಮಟ್ಟದ ಮಾತು. ಇಂಜಿನ್ ಎಣ್ಣೆ ನೋಡಲು ಡಿಪ್‌ಸ್ಟಿಕ್ ಇದೆ. ಅಚ್ಚಿಗೆ ಸಾಮಾನ್ಯವಾಗಿ ಇಲ್ಲ. ಉಬ್ಬಿದ ಭಾಗದ ಪಕ್ಕದಲ್ಲಿ ಒಂದು ಬಿರಡೆ ಇರುತ್ತದೆ. ಎಣ್ಣೆ ಹಾಕುವುದೂ ಅದೇ ತೂತಿನಿಂದ, ಅಳೆಯುವುದೂ ಅದರಿಂದಲೇ. ಬಹಳಷ್ಟು ಗಾಡಿಗಳಲ್ಲಿ ಎಣ್ಣೆ ತೂತಿನ ಕೆಳ ಅಂಚಿಗೆ ಸರಿಯಾಗಿ ನಿಲ್ಲಬೇಕು. ಕೆಲವು ಕಂಪನಿಗಳು ಅಂಚಿಗಿಂತ ಕೆಲವು ಮಿಲಿಮೀಟರ್ ಕೆಳಗೆ ಇರಲಿ ಎನ್ನುತ್ತವೆ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಅದು ಬರೆದಿರುತ್ತದೆ. ನಮ್ಮ ಮನೆಗಳಲ್ಲಿ ಆ ಪುಸ್ತಕ ಸಾಮಾನ್ಯವಾಗಿ ಪ್ಲಾಸ್ಟಿಕ್ ಚೀಲದೊಳಗೆ ದೇವರ ಪಟದ ಹಿಂದೆ ಭದ್ರವಾಗಿರುತ್ತದೆ, ಹೊರಗೆ ತೆಗೆಯಿರಿ.

ಕಷ್ಟ ಇರುವುದು ಎಣ್ಣೆಯಲ್ಲಲ್ಲ, ನೆಲದಲ್ಲಿ. ಗವಂಡಿಯವರು ನೀರು ತುಂಬಿದ ನಳಿಗೆ ಹಿಡಿದು ಗೋಡೆಯ ಮಟ್ಟ ನೋಡುವುದನ್ನು ಕಂಡಿದ್ದೀರಿ. ದ್ರವ ತನ್ನ ಮಟ್ಟ ಬಿಡುವುದಿಲ್ಲ, ವಾಲುವುದು ಗಾಡಿ. ಒಂದು ಬದಿಯ ಗಾಲಿ 14 ಸೆಂಟಿಮೀಟರ್ ಎತ್ತರದ ಕಲ್ಲಿನ ಮೇಲಿದ್ದರೆ 1.4 ಮೀಟರ್ ಅಗಲದ ಅಚ್ಚು ಹತ್ತಕ್ಕೆ ಒಂದರಂತೆ ವಾಲಿರುತ್ತದೆ. ತಗ್ಗಿನ ಕಡೆಯ ಕೊಳವೆ ನಡುಮಟ್ಟಕ್ಕಿಂತ ಕೆಳಗಿಳಿಯುವುದರಿಂದ ಎಣ್ಣೆ ಅತ್ತ ಹರಿದು ನಡುವೆ ಕಡಿಮೆಯಾದಂತೆ ತೋರುತ್ತದೆ. ಜ್ಯಾಕ್ ಹಚ್ಚಿ ಒಂದು ಬದಿ ಎತ್ತಿ, ಬಿರಡೆ ಬಿಚ್ಚಿ, ಎಣ್ಣೆ ಕಾಣದೆ ಅರ್ಧ ಲೀಟರ್ ಸುರಿಯುವವರು ಮಾಡುವುದು ಇದನ್ನೇ. ಗಾಡಿ ಕೆಳಗಿಳಿದ ಮೇಲೆ ಅದು ಹೆಚ್ಚಾಗುತ್ತದೆ. ಬಿರಡೆ ಹಿಂಬದಿಗಿದ್ದು ಗಾಡಿಯ ಮೂತಿ ಏರಿನ ಕಡೆಗಿದ್ದರೆ ತಪ್ಪು ತಿರುಗುಮುರುಗಾಗುತ್ತದೆ: ಎಣ್ಣೆ ಕಡಿಮೆ ಇದ್ದರೂ ತೂತಿನಿಂದ ಹರಿದು, ತುಂಬಿದೆ ಎಂಬ ಭ್ರಮೆ ಹುಟ್ಟಿಸುತ್ತದೆ.

ಆದ್ದರಿಂದ ಸಮನಾದ ಕಾಂಕ್ರೀಟ್ ನೆಲ ಹುಡುಕಿ, ಗಾಡಿಯ ನಾಲ್ಕೂ ಗಾಲಿ ನೆಲದ ಮೇಲಿರಲಿ. ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಜ್ಯಾಕಿನ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಮಗನನ್ನು ನುಸುಳಲು ಬಿಡಬೇಡಿ, ಪಾಲಕರೇ. ಹುಬ್ಬಳ್ಳಿಯಿಂದ ಬಂದ ಕೂಡಲೇ ನೋಡುವುದೂ ಬೇಡ. ಎಣ್ಣೆ ಹಲ್ಲುಗಳಿಗೆ ಅಂಟಿಕೊಂಡಿರುತ್ತದೆ, ಹಿಗ್ಗಿರುತ್ತದೆ, ಕೈ ಸುಡುತ್ತದೆ. ಗಾಡಿ ತಣ್ಣಗಾಗಲಿ. ಬಿರಡೆಯ ಸುತ್ತಲಿನ ಕೆಸರು ಒರೆಸಿ, ಬಿಚ್ಚಿ, ಬೆರಳನ್ನು ಕೊಕ್ಕೆಯಂತೆ ಬಗ್ಗಿಸಿ ಒಳಗೆ ಇಳಿಸಿ. ಅಂಚಿನ ಹತ್ತಿರವೇ ತುದಿಗೆ ಎಣ್ಣೆ ಹತ್ತಿದರೆ ಸರಿ. ಹತ್ತಿದ ಎಣ್ಣೆಯನ್ನೂ ನೋಡಿ. ಮಳೆಗಾಲದಲ್ಲಿ ಹಳ್ಳ ದಾಟುವಾಗ ಬಿಸಿ ಅಚ್ಚು ನೀರಿಗಿಳಿದು ಫಕ್ಕನೆ ತಣಿದರೆ, ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳಬಹುದು. ಆಗ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಪೂರ್ತಿ ಬದಲಿಸಲೇಬೇಕು.

ಕಡಿಮೆಯಾದರೆ ಪಿನಿಯನ್ನಿನ ಬೇರಿಂಗ್ ಒಣಗಿ ಅಚ್ಚು ಕೊಯ್ಯೆಂದು ಕೂಗತೊಡಗುತ್ತದೆ. ಅದು ಎಲ್ಲರಿಗೂ ಗೊತ್ತು. ಹೆಚ್ಚಾದರೆ ಏನಾಗುತ್ತದೆಂದು ಯೋಚಿಸುವವರು ಕಡಿಮೆ. ಕ್ರೌನ್ ಚಕ್ರ ಎಣ್ಣೆಯನ್ನು ಮಜ್ಜಿಗೆಯಂತೆ ಕಡೆದು ನೊರೆ ಎಬ್ಬಿಸುತ್ತದೆ, ಬಿಸಿ ಏರುತ್ತದೆ. ಅಚ್ಚಿನ ಮೇಲಿನ ಉಸಿರುನಳಿಗೆ ಕೆಸರಿನಿಂದ ಕಟ್ಟಿದ್ದರಂತೂ ಒಳಗಿನ ಒತ್ತಡಕ್ಕೆ ದಾರಿಯೇ ಇಲ್ಲ. ಅದು ತುದಿಯ ಸೀಲಿನಿಂದ ಎಣ್ಣೆಯನ್ನು ಹೊರದೂಡುತ್ತದೆ. ಸೀಲಿನ ಆಚೆಗೆ ಇರುವುದು ಬ್ರೇಕ್ ಡ್ರಮ್ಮು! ಎಣ್ಣೆ ಕುಡಿದ ಬ್ರೇಕ್ ಶೂ ಕಲಘಟಗಿಯ ಸಮ ರಸ್ತೆಯಲ್ಲಿ ಹೇಗೋ ನಡೆದೀತು; ಭಾರ ಹೇರಿ ಅರಬೈಲು ಇಳಿಯುವಾಗ ನಡೆಯದು.

ಹಾಗಾಗಿ ತಂದೆಯ ಮಾತು ನಿಜ, ಆದರೆ ನೆಲ ಸಮವಿದ್ದು, ಪುಸ್ತಕ ಅಂಚಿನ ಮಟ್ಟವನ್ನೇ ಹೇಳಿದ್ದರೆ ಮಾತ್ರ. ತುಂಬಿ ಹರಿದದ್ದು ತಾನಾಗಿ ಸುರಿದು ನಿಂತ ಮೇಲೆಯೇ ಬಿರಡೆ ಹಾಕಬೇಕು. ಗ್ಯಾರೇಜಿನವರ ಲೀಟರ್ ಲೆಕ್ಕ ನಡೆಯುವುದು ಹಳೆಯದನ್ನು ಪೂರ್ತಿ ಇಳಿಸಿ ಹೊಸದು ಹಾಕುವಾಗ. ಆಗಲೂ ಅದು ಆ ಗಾಡಿಗೇ ಹೇಳಿದ ಅಳತೆಯಾಗಿರಬೇಕು, ಕೊನೆಗೆ ಬೆರಳು ಇಟ್ಟು ನೋಡಲೇಬೇಕು.

ಎಣ್ಣೆ ಬದಲಿಸುವಾಗ ಯಾವ ಬಿರಡೆ ಮೊದಲು ಬಿಚ್ಚಬೇಕೆಂದೂ ಹುಡುಗ ಕೇಳಿದ್ದಾನೆ. ಮೇಲಿನದನ್ನೇ, ಅಂದರೆ ತುಂಬುವುದನ್ನು. ಕೆಳಗಿನದನ್ನು ಬಿಚ್ಚಿ ಎಣ್ಣೆಯೆಲ್ಲ ಇಳಿಸಿದ ಮೇಲೆ ತುಕ್ಕು ಹಿಡಿದ ಮೇಲಿನ ಬಿರಡೆ ಅಲ್ಲಾಡದಿದ್ದರೆ, ಖಾಲಿ ಅಚ್ಚಿನ ಗಾಡಿಯನ್ನು ಗ್ಯಾರೇಜಿನ ತನಕ ಓಡಿಸಲೂ ಆಗದು.