ಜನ ಎಲ್ಲಿದ್ದಾರೆ?

ಭೂಗೋಳವೆಂದರೆ ನದಿ, ಬೆಟ್ಟ, ರಾಜಧಾನಿಗಳ ಪಟ್ಟಿ ಎಂದು ತಿಳಿದ ಪಾಲಕರೇ ಹೆಚ್ಚು. ಮಗಳು ಪದವಿಗೆ ಭೂಗೋಳ ಆರಿಸಿಕೊಂಡರೆ ಮನೆಯವರ ಮುಖ ಸಪ್ಪಗಾಗುವುದೂ ಉಂಟು. ಅಂಥವರು ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಒಂದು ವಿದ್ವಾಂಸರ ಬಳಗದ ಕೆಲಸವನ್ನು ನೋಡಬೇಕು.

ಭೂಗೋಳಶಾಸ್ತ್ರ ಮನುಷ್ಯನನ್ನೇ ಕಡೆಗಣಿಸಿದೆ ಎಂದು 1953ರಲ್ಲಿ ಅಮೆರಿಕದ ಭೂಗೋಳಜ್ಞರ ಸಂಘದ ಅಧ್ಯಕ್ಷ ಗ್ಲೆನ್ ಟ್ರೆವಾರ್ಥಾ ಆಕ್ಷೇಪಿಸಿದರು. (ಹೀಗೆಂದವರು ಹವಾಮಾನ ವಿಷಯದಲ್ಲಿ ಹೆಸರಾಂತರು ಎಂಬುದೇ ಸೋಜಿಗ.) ವಿಸ್ಕಾನ್ಸಿನ್‌ನಲ್ಲಿ ಅವರ ಶಿಷ್ಯರಾಗಿದ್ದು, ಭಾರತದ ಜನಸಂಖ್ಯೆಯನ್ನು ಕುರಿತು 1956ರಲ್ಲಿ ಡಾಕ್ಟರೇಟ್ ಪಡೆದವರು ಗುರುದೇವ್ ಸಿಂಗ್ ಗೋಸಲ್. ಚಂಡೀಗಢದಲ್ಲಿ ಅವರು ಕಟ್ಟಿದ ಪರಂಪರೆಯಿಂದಲೇ 1970ರ ದಶಕದ ಕೊನೆಗೆ ಭಾರತದ ಜನಸಂಖ್ಯಾ ಭೂಗೋಳಜ್ಞರ ಸಂಘವೂ ಅದರ ಪತ್ರಿಕೆಯೂ ಹುಟ್ಟಿದವು.

ಜನ ಎಷ್ಟು ಎಂಬುದನ್ನು ಜನಗಣತಿ ಹೇಳುತ್ತದೆ. ಅಲ್ಲಿ ಹಾಗೇಕೆ, ಇಲ್ಲಿ ಹೀಗೇಕೆ ಎಂದು ಕೇಳುವುದು ಈ ಬಳಗದ ಕೆಲಸ. ಭಾರತದಲ್ಲಿ ಹೆಣ್ಣು-ಗಂಡಿನ ಪ್ರಮಾಣ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುವುದನ್ನು ಕುರಿತು ಗೋಸಲ್ 1961ರಲ್ಲೇ ಬರೆದರು.

ಈ ಪ್ರಶ್ನೆ ಎಷ್ಟು ಸೂಕ್ಷ್ಮ ಎಂಬುದಕ್ಕೆ ನಮ್ಮ ಜಿಲ್ಲೆಗಳೇ ಸಾಕ್ಷಿ. 2011ರ ಗಣತಿಯಂತೆ ಉಡುಪಿಯಲ್ಲಿ ಸಾವಿರ ಗಂಡಸರಿಗೆ 1094 ಹೆಂಗಸರು, ಬೆಂಗಳೂರು ನಗರ ಜಿಲ್ಲೆಯಲ್ಲಿ 916. ಉಡುಪಿಯಲ್ಲಿ ಹೆಣ್ಣುಮಕ್ಕಳೇ ಹೆಚ್ಚು ಹುಟ್ಟುತ್ತಾರೆ ಎಂದುಕೊಂಡರೆ ತಪ್ಪು. ಕರಾವಳಿಯ ಗಂಡಸರು ದುಡಿಮೆಗೆಂದು ಮುಂಬಯಿಗೆ, ಕೊಲ್ಲಿ ದೇಶಗಳಿಗೆ ಹೋಗುತ್ತಾರೆ. ಬೆಂಗಳೂರಿಗೆ ಊರೂರಿನಿಂದ ಗಂಡಸರು ಬರುತ್ತಾರೆ. ಲೆಕ್ಕ ಏರುಪೇರಾಗಲು ವಲಸೆಯೊಂದೇ ಸಾಕು.

ಹಾಗಾದರೆ ಪಂಜಾಬಿನ 895 ಕೂಡ ವಲಸೆಯ ಲೆಕ್ಕವೇ? ಇಲ್ಲಿ ಭೂಗೋಳಜ್ಞರು ವಯಸ್ಸನ್ನು ಬೇರ್ಪಡಿಸುತ್ತಾರೆ. ಆರು ವರ್ಷದೊಳಗಿನ ಮಕ್ಕಳು ಒಂಟಿಯಾಗಿ ಕೆಲಸ ಹುಡುಕಿಕೊಂಡು ಹೋಗುವುದಿಲ್ಲ. ಆ ವಯಸ್ಸಿನವರಲ್ಲೂ ಪಂಜಾಬಿನಲ್ಲಿ ಸಾವಿರ ಗಂಡುಮಕ್ಕಳಿಗೆ ಇದ್ದದ್ದು 846 ಹೆಣ್ಣುಮಕ್ಕಳು. ಇದಕ್ಕೆ ರೈಲು, ವಿಮಾನಗಳ ಕಾರಣ ಕೊಡಲು ಬರುವುದಿಲ್ಲ. ಭ್ರೂಣಹತ್ಯೆಯ ಕಡೆಗೇ ಬೆರಳು ತೋರಬೇಕಾಗುತ್ತದೆ. ಲಿಂಗಪತ್ತೆ ನಿಷೇಧದ ಕಾಯ್ದೆ 1994ರಲ್ಲಿ ಬಂದರೂ ಅದನ್ನು ಎಲ್ಲಿ ಬಿಗಿ ಮಾಡಬೇಕು ಎಂದು ತೋರಿಸುವುದು ಇಂಥ ಜಿಲ್ಲಾವಾರು ನಕ್ಷೆಗಳೇ.

ಈ ವಿದ್ಯೆಗೆ ಬೇಕಾದದ್ದು ನಕ್ಷೆ ಓದುವ ಕಣ್ಣು, ಒಂದಿಷ್ಟು ಸಂಖ್ಯಾಶಾಸ್ತ್ರ, ಊರು ಸುತ್ತುವ ಹುಮ್ಮಸ್ಸು. ಜೊತೆಗೆ ಹೊಸ ಅಂಕಿಅಂಶವೂ ಬೇಕು. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದಕ್ಕೆ ಹೋಯಿತು. 2027ರ ಮಾರ್ಚ್ 1 ಅನ್ನು ಗಣತಿಯ ದಿನವೆಂದು ಸರ್ಕಾರ ಗೊತ್ತುಮಾಡಿದ್ದು 2025ರಲ್ಲಿ. ಹಿಂದಿನ ಗಣತಿಯ ವರ್ಷ ಹುಟ್ಟಿದ ಮಗು ಅಷ್ಟು ಹೊತ್ತಿಗೆ ಎಸ್ಸೆಸ್ಸೆಲ್ಸಿಯ ವಯಸ್ಸಿಗೆ ಬಂದಿರುತ್ತದೆ.