ಉಪ್ಪಿನ ಋಣ, ಬಡ್ಡಿಯ ಸಾಲ

2025ನೆಯ ಇಸವಿಯಲ್ಲಿ ಕರ್ನಾಟಕದ ಶಾಸನಸಭೆ ಅಂಗೀಕರಿಸಿದ ಎರಡು ಕಾಯಿದೆಗಳನ್ನು ಜೊತೆಗಿಟ್ಟು ನೋಡುವುದು ಒಳ್ಳೆಯದು. ಒಂದು, ಕಿರುಸಾಲ ಪಡೆದವರನ್ನು ಬಲಾತ್ಕಾರದ ವಸೂಲಿಯಿಂದ ಕಾಪಾಡುವಂಥದು. ಇನ್ನೊಂದು, ಆ್ಯಪುಗಳ ಆಣತಿಯಂತೆ ಮನೆಮನೆಗೆ ಊಟ ತಲುಪಿಸುವ, ಬಾಡಿಗೆಯ ಬಂಡಿ ಓಡಿಸುವ ದುಡಿಮೆಗಾರರಿಗೆ ಭದ್ರತೆ ಒದಗಿಸುವಂಥದು. ಒಂದು ಸಾಲದ ಮಾತು, ಇನ್ನೊಂದು ಕೂಲಿಯ ಮಾತು ಎಂದು ಇವನ್ನು ಬೇರ್ಪಡಿಸುವುದು ಸುಲಭ. ಆದರೆ ನಮ್ಮ ನುಡಿಯೇ ಅವನ್ನು ಬೇರ್ಪಡಿಸಿಲ್ಲ. ಹಳ್ಳಿಯಲ್ಲಿ ಕೂಲಿ ಕೊಟ್ಟವನೂ ‘ಸಾಹುಕಾರ’, ಸಾಲ ಕೊಟ್ಟವನೂ ‘ಸಾಹುಕಾರ’. ಉಂಡ ಉಪ್ಪಿಗೂ ಋಣವುಂಟು, ತಂದ ಹಣಕ್ಕೂ ಋಣವುಂಟು. ಈ ಎರಡು ಋಣಗಳು ಹೆಣೆದುಕೊಂಡಲ್ಲಿ ಹುಟ್ಟಿದ್ದೇ ಜೀತ. ಆದ್ದರಿಂದಲೇ 1976ರ ಜೀತಪದ್ಧತಿ ರದ್ದತಿ ಕಾಯಿದೆ ಆಳನ್ನು ಬಿಡಿಸಿದುದಲ್ಲದೆ ಅವನ ಸಾಲವನ್ನೂ ಅಳಿಸಿಹಾಕಿತು. ದೇವರಾಜ ಅರಸರ ಸರ್ಕಾರದ ಋಣ ಪರಿಹಾರ ಕಾಯಿದೆಯೂ ಅದೇ ವರ್ಷದ್ದು.

ಸಾಲಗಾರನ ಬಗೆಗೆ ಕಾನೂನಿಗೆ ಮೊದಲೂ ಕನಿಕರವಿರಲಿಲ್ಲವೆಂದಲ್ಲ. ಪರಕೀಯರು ಬರೆದ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮನ್ನು ಓದಿದರೆ ಆಶ್ಚರ್ಯವಾದೀತು. ಅಡಿಗೆಯ ಪಾತ್ರೆ, ಉಡುವ ಬಟ್ಟೆ, ಹಾಸಿಗೆ, ಕಸುಬುದಾರನ ಉಪಕರಣ, ಕೂಲಿಯವನ ಕೂಲಿ, ಧರ್ಮಾಚಾರದಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ, ಇವಾವುದನ್ನೂ ಜಪ್ತಿ ಮಾಡುವಂತಿಲ್ಲ. ಆ ಪಟ್ಟಿಯಲ್ಲಿ ಮರ್ಯಾದೆ ಮಾತ್ರ ಇರಲಿಲ್ಲ. ವಸೂಲಿಗೆ ಬಂದವನು ಕೋರ್ಟಿನ ಮೆಟ್ಟಿಲು ಹತ್ತುವುದೇ ಇಲ್ಲ. ಅವನು ಕೈಹಾಕುವುದು ಅಲ್ಲಿಗೇ. ಮನೆಯ ಮುಂದೆ ಸುಳಿದಾಡುವುದು, ಹೋದಲ್ಲೆಲ್ಲ ಬೆನ್ನಟ್ಟುವುದು, ಹೀಯಾಳಿಸುವುದು, ಸರ್ಕಾರಿ ಸೌಲಭ್ಯದ ಕಾಗದಪತ್ರ ಕಿತ್ತುಕೊಳ್ಳುವುದು ಇವನ್ನೆಲ್ಲ ಹೊಸ ಕಾಯಿದೆ ಅಪರಾಧವೆಂದು ಹೆಸರಿಸಿರುವುದು ದೊಡ್ಡ ಮಾತು. ಶಿಕ್ಷೆ 10 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿಯವರೆಗೆ ದಂಡ. ಇದು ಅತಿಯಾಯಿತೆಂದು ರಾಜ್ಯಪಾಲರು ಸುಗ್ರೀವಾಜ್ಞೆಯನ್ನು ಒಮ್ಮೆ ಹಿಂದಿರುಗಿಸಿದ್ದರು. ನನ್ನ ಚಿಂತೆ ಬೇರೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಬ್ಯಾಂಕುಗಳೂ ಕಂಪೆನಿಗಳೂ ಈ ಕಾಯಿದೆಯ ಹೊರಗೆ. ಅವುಗಳಿಗೆ ಆ ಬ್ಯಾಂಕಿನ ನಿಯಮಗಳೇ ಅಂಕುಶ. ಬಾಗಿಲಲ್ಲಿ ನಿಂತು ಕೂಗುತ್ತಿರುವವನು ಯಾವ ಪಂಗಡದವನೆಂದು ಆ ಹೆಣ್ಣುಮಗಳು ಹೇಗೆ ತಿಳಿಯಬೇಕು?

ದುಡಿಮೆಗಾರರ ಕಾಯಿದೆಯನ್ನು ಕುರಿತು ಎರಡೇ ಮಾತು. ಅವರಿಗೆ ಸಲ್ಲುವ ಹಣದ ಮೇಲೆ ಕಂಪೆನಿ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು; ಕೆಲಸದಿಂದ ತೆಗೆಯುವುದಾದರೆ ಲಿಖಿತ ಕಾರಣವನ್ನೂ 14 ದಿನಗಳ ಮುನ್ಸೂಚನೆಯನ್ನೂ ಕೊಡಬೇಕು. ಸಾಲದ ಬೈಕಿನ ಮೇಲೆ ಕುಳಿತ ಹುಡುಗನಿಗೆ ಎರಡನೆಯದೇ ಹೆಚ್ಚು ಬೆಲೆಯುಳ್ಳದ್ದು. ಕೆಲಸ ನಿಂತರೂ ಕಂತಿನ ದಿನ ನಿಲ್ಲದು.

ಆದರೆ ಗುಂಪುಸಾಲದ ತೊಡಕನ್ನು ಯಾವ ಕಾಯಿದೆಯೂ ಬಿಡಿಸಿಲ್ಲ. ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ತುಂಬಬೇಕು. ಆಗ ಜಗುಲಿಯ ಮೇಲೆ ಬಂದು ಕೂರುವವಳು ಏಜೆಂಟಳಲ್ಲ, ನಿನ್ನೆ ಸಕ್ಕರೆ ಕಡ ಕೊಟ್ಟ ಪಕ್ಕದ ಮನೆಯಾಕೆ. ಅವಳ ಮೇಲೆ ಯಾರು ದೂರು ಬರೆಸಿಯಾರು? ನಾಳೆ ತುಂಬಬೇಕಾದ ಕಂತು ಅವಳದ್ದೂ ಉಂಟು.