ಸ್ಥಾಪಕರಿಲ್ಲದ ಬ್ಯಾಂಡು
ಥೇಮ್ಸ್ ನದಿ ಕಡಲು ಸೇರುವ ಕಡೆ, ತೈಲ ಟ್ಯಾಂಕುಗಳ ನೆರಳಲ್ಲಿರುವ ಕ್ಯಾನ್ವೇ ದ್ವೀಪದಲ್ಲಿ 1971ರಲ್ಲಿ ಹುಟ್ಟಿದ ‘ಡಾಕ್ಟರ್ ಫೀಲ್‌ಗುಡ್’ ಬ್ಯಾಂಡಿನ ಮೊದಲ ನಾಲ್ವರಲ್ಲಿ ಒಬ್ಬರೂ ಇಲ್ಲದೆ ಅದೇ ಹೆಸರು ದಶಕಗಳಿಂದ ವೇದಿಕೆ ಏರುತ್ತಿರುವುದನ್ನು ಮೋಸವೆನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಈ ಬ್ಯಾಂಡು ನುಡಿಸುವ ಪಬ್ ರಾಕ್ ಹುಟ್ಟಿದ್ದೇ ದೊಡ್ಡ ಕ್ರೀಡಾಂಗಣಗಳ ಆಡಂಬರಕ್ಕೆ ಎದುರಾಗಿ. ಬಿಯರಿನ ಲೋಟ ಹಿಡಿದವರ ಮೂಗಿನೆದುರೇ ನಿಂತು, ಚುಟುಕು ಹಾಡುಗಳನ್ನು ಬೆವರು ಹರಿಸಿ ನುಡಿಸುವುದು ಅದರ ಕಸುಬು. 1976ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಇವರನ್ನು ಮೊದಲ ಸ್ಥಾನಕ್ಕೇರಿಸಿದ ‘ಸ್ಟುಪಿಡಿಟಿ’ ಕೂಡ ಸ್ಟುಡಿಯೋದ ಕೂಸಲ್ಲ, ಕಛೇರಿಗಳಲ್ಲೇ ಧ್ವನಿಮುದ್ರಿಸಿದ ಆಲ್ಬಂ. ಹಾಗಾದರೆ ಮೊದಲ ನಾಲ್ವರಲ್ಲೊಬ್ಬರಾದ ವಿಲ್ಕೋ ಜಾನ್ಸನ್? ಮುಖ್ಯ ಹಾಡುಗಳನ್ನು ಬರೆದವರು, ಪಿಕ್ ಇಲ್ಲದೆ ಬರಿ ಬೆರಳಲ್ಲೇ ಗಿಟಾರ್ ಕಡಿಯುತ್ತ ವೇದಿಕೆಯುದ್ದಕ್ಕೂ ಸರಸರನೆ ಓಡಾಡುತ್ತಿದ್ದವರು ಅವರೇ. ಅವರಿಲ್ಲದೆ ಉಳಿಯುವುದು ಬರಿಯ ನಾಮಫಲಕ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ 1977ರಲ್ಲಿ ಅವರು ಹೊರನಡೆದ ಮೇಲೆಯೇ, 1979ರಲ್ಲಿ, ‘ಮಿಲ್ಕ್ ಅಂಡ್ ಆಲ್ಕೋಹಾಲ್’ ಹಾಡು ಬ್ರಿಟನ್ನಿನ ಪಟ್ಟಿಯ ಮೊದಲ ಹತ್ತರೊಳಗೆ ಬಂತು. ಗಿಟಾರಿಗೆ ಜಿಪ್ಪಿ ಮೇಯೋ ಬಂದಿದ್ದರು. ಗಾಯಕ ಲೀ ಬ್ರಿಲೋ 1994ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡದ್ದು ಇನ್ನೂ ದೊಡ್ಡ ಪೆಟ್ಟು, ಆ ಕರಕಲು ಕಂಠಕ್ಕೆ ಬದಲಿ ಸಿಗಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೂ 1995ರಲ್ಲಿ ಬ್ಯಾಂಡನ್ನು ಮತ್ತೆ ಕಟ್ಟಿದವರು ದಾರಿಹೋಕರಲ್ಲ. ಡ್ರಮ್ಮಿನ ಕೆವಿನ್ ಮಾರಿಸ್, ಬೇಸ್ ಗಿಟಾರಿನ ಫಿಲ್ ಮಿಚೆಲ್ ಇಬ್ಬರೂ 1980ರ ದಶಕದಿಂದಲೇ ಬ್ರಿಲೋ ಜೊತೆ ಊರೂರು ಸುತ್ತಿ ಪಳಗಿದವರು. ಅವರು ಹೊತ್ತು ತಂದದ್ದು ಹಾಡುಗಳನ್ನಷ್ಟೇ ಅಲ್ಲ, ರಾತ್ರಿ ರಾತ್ರಿ ನುಡಿಸುವ ಆ ದುಡಿಮೆಯ ಪದ್ಧತಿಯನ್ನೂ.